ಬಿಳಿ ಕೆಸುವಿನ ಏಲಂ

ಏಲಂ ಎಂದರೆ ಏನೆಂದು ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಜನಾ ಮಂದಿರದ ವಾರ್ಷಿಕೋತ್ಸವ ಇರಲಿ, ಮಸೀದಿಯ ಉರೂಸ್ ಇರಲಿ, ಇಗರ್ಜಿಯ ಹಬ್ಬ ಇರಲಿ, ಊಟ ಮುಗಿದ ಮೇಲೆ ಒಂದು ಏಲಂ, ಅಂದರೆ ಹರಾಜು, ಇದ್ದೇ ಇರುತ್ತದೆ. ಯಾರೋ ಹರಕೆಗೆ ತಂದಿಟ್ಟ ಕುಂಬಳಕಾಯಿ, ಒಂದು ಕದಳಿ ಬಾಳೆಗೊನೆ, ಒಂದು ಜೋಡಿ ತೆಂಗಿನಕಾಯಿ. ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿ ಅಲ್ಲಿ ಸಾವಿರಕ್ಕೆ ಹೋಗುತ್ತದೆ. ತೆಗೆದುಕೊಂಡವರು ಅದನ್ನು ಮನೆಗೆ ಒಯ್ಯುವುದೂ ಇಲ್ಲ. "ಇನ್ನೊಮ್ಮೆ ಕೂಗಿ" ಎಂದು ಅಲ್ಲೇ ಬಿಟ್ಟುಕೊಡುತ್ತಾರೆ. ಅದೇ ಕುಂಬಳಕಾಯಿ ಮತ್ತೆ ಏಲಂಗೆ ಬರುತ್ತದೆ, ಇನ್ನೊಬ್ಬರು ಕೇಳುತ್ತಾರೆ. ಹೀಗೆ ಮರು ಏಲಂಗೆ ಬಂದ ವಸ್ತು ಅದೃಷ್ಟದ್ದು ಎಂದು ನಮ್ಮವರ ಲೆಕ್ಕ.

ಕುಂಬ್ರದಿಂದ ಸ್ವಲ್ಪ ಒಳಗೆ ಇರುವ ಒಂದು ಭಜನಾ ಮಂದಿರದಲ್ಲಿ ಈ ಏಲಂ ಕೂಗುವವರು ಮಹಾಬಲಣ್ಣ. ಉಳಿದ ದಿನಗಳಲ್ಲಿ ಅವರು ಪಿಕಪ್ ಓಡಿಸುತ್ತಾರೆ. ಕೂಗಲು ನಿಂತರೆ ಮೈಕ್ ಬೇಡ. "ಒಂದು ಸಲ… ಎರಡು ಸಲ…" ಎಂದು ನಿಲ್ಲಿಸಿ, ಮೂರನೆಯದನ್ನು ಹೇಳದೆ ಎಲ್ಲರ ಮುಖವನ್ನು ಒಮ್ಮೆ ನೋಡುತ್ತಾರೆ. ಆ ನೋಟಕ್ಕೇ ಇನ್ನೂರು ಮುನ್ನೂರು ಏರುವುದುಂಟು. ಅಲ್ಲಿ ಕೂಗಿ ಹಣ ಕೊಡದೆ ಹೋದವರು ಇಲ್ಲ. ಹೇಗೆ ಹೋಗುತ್ತಾರೆ? ಕೂಗಿದವನ ಪಕ್ಕದಲ್ಲಿ ನಿಂತಿರುವುದು ಅವನ ಮಾವ, ಹಿಂದೆ ನಿಂತಿರುವುದು ಅವನ ಮಗಳ ಟೀಚರ್. ಬಾಯಿಂದ ಬಂದ ಮೊತ್ತ ಬಂದದ್ದೇ. ಏಲಂ ಎಂಬ ಶಬ್ದದ ಮೇಲೆ ಮಹಾಬಲಣ್ಣನಿಗೆ ಇದ್ದ ನಂಬಿಕೆ ಇಂಥದ್ದು. ಕೆಟ್ಟದ್ದೂ ಆ ನಂಬಿಕೆಯಿಂದಲೇ.

ಅವರ ಹೆಂಡತಿ ಹರಿಣಾಕ್ಷಿ ಮದುವೆಗೆ ಮೊದಲಿನಿಂದಲೇ ಬೀಡಿ ಕಟ್ಟುತ್ತಿದ್ದವಳು. ಮನೆಕೆಲಸ ಮುಗಿಸಿ ತಡ್ಪೆಯನ್ನು, ಅಂದರೆ ಬೀಡಿಯ ಗೆರಸೆಯನ್ನು, ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಸಂಜೆಯವರೆಗೆ ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬುವುದು, ಸುತ್ತುವುದು, ನೂಲು ಕಟ್ಟುವುದು. ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದರೆ ಅಲ್ಲಿಯವರು ಸರಿ ಇಲ್ಲದ್ದನ್ನು ಆರಿಸಿ ಬದಿಗೆ ಎಸೆಯುತ್ತಾರೆ. ವರ್ಷ ಕಳೆದ ಹಾಗೆ ಕುತ್ತಿಗೆ ಹಿಡಿಯಿತು, ಮತ್ತೆ ಕೆಮ್ಮು ಶುರುವಾಯಿತು. ಪುತ್ತೂರಿನ ಡಾಕ್ಟರು ಆ ಪುಡಿಯ ಹತ್ತಿರ ಕೂರುವುದನ್ನು ಬಿಡಬೇಕು ಎಂದರು. ಬಿಡಿ ಎನ್ನುವುದು ಸುಲಭ. ಬಿಟ್ಟರೆ ಗ್ಯಾಸಿಗೆ, ಸ್ವಸಹಾಯ ಸಂಘದ ಕಂತಿಗೆ, ಕೈಖರ್ಚಿಗೆ ಗಂಡನ ಮುಖ ನೋಡಬೇಕು. ಹರಿಣಾಕ್ಷಿಗೆ ಅದು ಆಗದ ಮಾತು.

ದಾರಿ ತೋರಿಸಿದವಳು ಸಫಿಯಾ. ಮಳೆನೀರು ಹರಿಯುವ ತೋಡಿನ ಆಚೆ ಬದಿಯ ಮನೆ ಅವಳದು. ಇಬ್ಬರಿಗೂ ಗಿಡಗಳೆಂದರೆ ಜೀವ. ಹರಿಣಾಕ್ಷಿಯ ಕೈ ಎಂಥದ್ದೆಂದರೆ, ದಾರಿಯಲ್ಲಿ ಬಿದ್ದ ಒಣ ಗೆಲ್ಲನ್ನು ತಂದು ಊರಿದರೂ ಚಿಗುರುತ್ತದೆ. ಕಂಪೌಂಡಿನ ಉದ್ದಕ್ಕೂ ಆಂಥೂರಿಯಂ, ತೆಂಗಿನ ಸಿಪ್ಪೆಗೆ ಕಟ್ಟಿದ ಆರ್ಕಿಡ್, ಬಣ್ಣಬಣ್ಣದ ಎಲೆಯ ಕೆಸುಗಳು. ಫೋನಿನಲ್ಲಿ ಗಿಡಗಳ ಏಲಂ ಆ್ಯಪ್ ಒಂದು ಉಂಟು, ಫೋಟೊ ಹಾಕಿದರೆ ದೂರದ ಊರಿನವರು ಬೆಲೆ ಕೂಗುತ್ತಾರೆ, ಹೆಚ್ಚು ಕೂಗಿದವರಿಗೆ ಕೊರಿಯರ್ ಮಾಡಿದರೆ ಆಯಿತು ಎಂದು ಸಫಿಯಾ ತೋರಿಸಿಕೊಟ್ಟಳು. ಏಲಂ ಎಂದ ಕೂಡಲೇ ಮಹಾಬಲಣ್ಣನ ಕಿವಿ ನೆಟ್ಟಗಾಯಿತು.

ಮೊದಲಿನ ಕಾಲ ನಿಜವಾಗಿಯೂ ಒಳ್ಳೆಯದಿತ್ತು. ಇದನ್ನು ಹೇಳದಿದ್ದರೆ ಆ ಆ್ಯಪ್‌ಗೂ ಅನ್ಯಾಯ. ಮಾರುವವರಿಂದ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಕೊಂಡವರು ಗಿಡ ಚಿಗುರಿದ ಫೋಟೊ ಕಳುಹಿಸುತ್ತಿದ್ದರು. ಪುಣೆಯ ಒಬ್ಬ ಹೆಂಗಸು ಆಂಥೂರಿಯಂ ಹೂ ಬಿಟ್ಟ ದಿನ ಫೋನ್ ಮಾಡಿ, ಒಬ್ಬರ ಭಾಷೆ ಒಬ್ಬರಿಗೆ ಬಾರದೆ, ಇಬ್ಬರೂ ಸುಮ್ಮನೆ ನಕ್ಕು ಫೋನ್ ಇಟ್ಟಿದ್ದರು. ಹರಿಣಾಕ್ಷಿ ತಡ್ಪೆಯನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದಳು. ಕೆಮ್ಮು ನಿಂತಿತು. ಅವಳಿಗೆ ಬೇಕಾದದ್ದು ಹೆಚ್ಚೇನೂ ಅಲ್ಲ. ಆ ತಡ್ಪೆ ಅಟ್ಟದಿಂದ ಮತ್ತೆ ಕೆಳಗೆ ಇಳಿಯಬಾರದು, ಅಷ್ಟೆ.

ಮತ್ತೆ ನಿಧಾನಕ್ಕೆ ಬದಲಾಯಿತು. ಮೊದಲು ನೂರಕ್ಕೆ ಐದು ಎಂದರು. ಕೊಡುವ, ಅವರಿಗೂ ಹೊಟ್ಟೆ ಉಂಟಲ್ಲ ಎಂದುಕೊಂಡರು ಇವರು. ಆಮೇಲೆ ಹತ್ತು ಆಯಿತು, ಅದು ಇಪ್ಪತ್ತಾಯಿತು. ಫೋಟೊ ಮೇಲಿನ ಸಾಲಿನಲ್ಲಿ ಕಾಣಬೇಕಾದರೆ ಬೇರೆ ಹಣ. ಅಷ್ಟು ಹೊತ್ತಿಗೆ ಕೊಳ್ಳುವವರಲ್ಲೂ ಕಳ್ಳರು ಸೇರಿಕೊಂಡಿದ್ದರು, ಮಾರುವವರಲ್ಲೂ ಸೇರಿಕೊಂಡಿದ್ದರು. ದೂರುಗಳು ಹೆಚ್ಚಾದವು. ಅದಕ್ಕೆ ಆ್ಯಪ್‌ನವರು ಮಾಡಿದ ಉಪಾಯ ಏನು ಗೊತ್ತೇ? 'ಭರವಸೆ ಶುಲ್ಕ' ಎಂದು ಹೊಸತೊಂದನ್ನು ಹಾಕಿದರು. ಭರವಸೆ ಹೋದ ಮೇಲೆ ಅದಕ್ಕೂ ಹಣ.

ಸಫಿಯಾ ಆಗಲೇ ಬಿಟ್ಟಳು. ಅವಳ ಒಂದು ಅಡೇನಿಯಂ ಗಿಡ ತಲುಪಿಯೇ ಇಲ್ಲ ಎಂದು ಒಬ್ಬ ಹೇಳಿ, ಹಣ ವಾಪಸು ಪಡೆದಿದ್ದ. ತಲುಪಿದೆ ಎಂದು ಕೊರಿಯರಿನವರ ಸಹಿ ಇದ್ದರೂ ಕೇಳುವವರಿರಲಿಲ್ಲ. ಈಗ ಅವಳು ಭಾನುವಾರ ಕುಂಬ್ರದ ರಸ್ತೆ ಬದಿಯಲ್ಲಿ ಗಿಡ ಇಟ್ಟು ಮಾರುತ್ತಾಳೆ. ಮೊದಲಿನ ಕೆಲವು ಗಿರಾಕಿಗಳ ವಾಟ್ಸಾಪ್ ಗುಂಪು ಒಂದು ಉಂಟು. ಮೊದಲು ಹಣ ಖಾತೆಗೆ ಬರಬೇಕು, ಮತ್ತೆ ಗಿಡ ಹೋಗಬೇಕು. ಬರುವುದು ಸ್ವಲ್ಪವೇ. ಆದರೆ ಬಂದದ್ದು ಕೈಯಲ್ಲಿರುತ್ತದೆ. ಹರಿಣಾಕ್ಷಿಗೂ ಬಿಡುವ ಮನಸ್ಸು ಬಂದಿತ್ತು. ಮಹಾಬಲಣ್ಣ ಬಿಡಲಿಲ್ಲ. ರಸ್ತೆ ಬದಿಯಲ್ಲಿ ಚೌಕಾಸಿ, ಏಲಂನಲ್ಲಿ ಮರ್ಯಾದೆ ಎಂದು ಅವರ ವಾದ.

ಹೀಗಿರುವಾಗಲೇ ಬಾವಿಕಟ್ಟೆಯ ಹತ್ತಿರ ಆ ಕೆಸು ಕಾಣಿಸಿತು.

ಬಚ್ಚಲ ನೀರು ಹರಿಯುವಲ್ಲಿ ಯಾವಾಗಲೂ ಬೆಳೆಯುವ ಸಾಮಾನ್ಯ ಕೆಸುವೇ ಅದು. ನಾವು ಪತ್ರೊಡೆ ಮಾಡುವುದು ಅದರ ಎಲೆಯಿಂದಲೇ. ಆದರೆ ಈ ಒಂದು ಬುಡದಲ್ಲಿ ಬಿಡಿಸಿದ ಎಲೆ ಅರ್ಧ ಹಸಿರು, ಅರ್ಧ ಹಾಲು ಚೆಲ್ಲಿದ ಹಾಗೆ ಬಿಳಿ. ಇದೊಂದು ಎಲೆಯ ರೋಗ ಇರಬೇಕೆಂದು ಹರಿಣಾಕ್ಷಿ ಕಾದಳು. ಎರಡನೆಯ ಎಲೆಯೂ ಹಾಗೆಯೇ ಬಂತು, ಮೂರನೆಯದೂ. ಬೆಳಗಿನ ಬಿಸಿಲು ಬಿದ್ದರೆ ಆ ಬಿಳಿ ಭಾಗದಲ್ಲಿ ಬೆರಳಿನ ನೆರಳು ಆಚೆ ಕಡೆಗೆ ಕಾಣುತ್ತಿತ್ತು. ಅವಳು ಮನೆಯ ಕೆಲಸದ ನಡುವೆ ಸುಮ್ಮನೆ ಹೋಗಿ ಅದರ ಮುಂದೆ ನಿಂತು ಬರುತ್ತಿದ್ದಳು.

ಕುಂಬ್ರದಲ್ಲಿ ದಿನಸಿ ಅಂಗಡಿ ಇಟ್ಟಿರುವ ಪದ್ಮಯ್ಯಣ್ಣ ಒಂದು ದಿನ ಬಂದವರು ನೋಡಿದರು. ಅವರ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

"ಎಂತ ಮಾರಾಯ್ತಿ ಇದು, ಕೆಸುವಿಗೆ ಸುಣ್ಣ ಬಳಿದದ್ದಾ?"

"ಅದು ಹಾಗೆಯೇ ಬಂದದ್ದು ಪದ್ಮಯ್ಯಣ್ಣ."

"ಬರ್ಲಿ, ಬರ್ಲಿ. ಪತ್ರೊಡೆಗೆ ಆಗ್ತದಾ, ಅದು ಹೇಳು."

"ಇದರ ಎಲೆಗೆ ಕೈ ಹಾಕಿದ್ರೆ ನಿಮ್ಮ ಕೈಯನ್ನೇ ಪತ್ರೊಡೆ ಮಾಡ್ತೇನೆ," ಎಂದಳು ಹರಿಣಾಕ್ಷಿ. ಪದ್ಮಯ್ಯಣ್ಣ ನಗುತ್ತಾ ಹೋದರು. ಆಮೇಲೆ ಅಂಗಡಿಯಲ್ಲಿ ಯಾರು ಸಿಕ್ಕಿದರೂ ಮಹಾಬಲನ ಮನೆಯಲ್ಲಿ ಸುಣ್ಣದ ಕೆಸು ಉಂಟೆಂದು ಹೇಳಿದರು.

ಸಫಿಯಾ ಮಾತ್ರ ನೋಡಿದ ಕೂಡಲೇ ಸೆರಗನ್ನು ಬಾಯಿಗೆ ಹಿಡಿದು ನಿಂತಳು. ಇಂಥದ್ದು ಸಾವಿರದಲ್ಲಿ ಒಂದಕ್ಕೆ ತಾನಾಗಿ ಬರುವುದು, ಗಿಡ ಸಾಕುವ ಹುಚ್ಚಿನವರು ಇದಕ್ಕೆ ಎಷ್ಟು ಬೇಕಾದರೂ ಕೊಡುತ್ತಾರೆ ಎಂದಳು. ಬುಡದಲ್ಲಿ ಆಗಲೇ ಒಂದು ಮರಿ ಎದ್ದಿತ್ತು, ಎಲೆ ಇನ್ನೂ ಸುರುಳಿಯಲ್ಲೇ ಇತ್ತು. ಮರಿಗೂ ಬಿಳಿ ಬರುತ್ತದೆ ಎಂಬ ಖಾತರಿ ಇಲ್ಲ, ಎಷ್ಟೋ ಸಲ ಬರೀ ಹಸಿರಾಗಿ ಹೋಗುತ್ತದೆ, ಆದ್ದರಿಂದ ತಾಯಿ ಬುಡವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ ಎಂದಳು. ಒಂದೊಂದೇ ಮರಿ ಎದ್ದು ಬಿಳಿ ಎಲೆ ಬಿಟ್ಟ ಮೇಲೆ ಗುರುತಿನವರಿಗೆ ಕೊಟ್ಟರೆ ಜೀವಮಾನ ಇಡೀ ಈ ಕೆಸು ನಿಮ್ಮನ್ನು ಸಾಕುತ್ತದೆ ಎಂದಳು. ಹರಿಣಾಕ್ಷಿಗೆ ಅದು ಸರಿ ಕಂಡಿತು. ಮಹಾಬಲಣ್ಣನಿಗೆ ಕಾಣಲಿಲ್ಲ. ಇಂಥ ವಸ್ತು ಏಲಂಗೆ ಹೋಗದೆ ಗುಂಪಿನಲ್ಲಿ ಪಿಸಿಪಿಸಿ ಮಾರುವುದೇ?

"ಮಹಾಬಲಣ್ಣ, ಮಂದಿರದಲ್ಲಿ ಏಲಂ ಕೂಗುದು ನೀವು," ಎಂದಳು ಸಫಿಯಾ. "ಫೋನಿನಲ್ಲಿ ಕೂಗುದು ಯಾರು?"

"ಯಾರಾದ್ರೆ ಎಂತ? ಏಲಂ ಅಂದ್ರೆ ಏಲಂ ಅಲ್ವಾ?"

"ಅಲ್ಲ ಅಣ್ಣ. ಇಲ್ಲಿ ಪದ್ಮಯ್ಯಣ್ಣ ಕೂಗಿ ಕೊಡದಿದ್ರೆ ನಾಳೆ ಅವರ ಅಂಗಡಿಗೆ ಹೋಗಿ ಕೇಳ್ಬಹುದು. ಅಲ್ಲಿ ಕೂಗಿದವನ ಅಂಗಡಿ ಎಲ್ಲಿ ಉಂಟು?"

ಹೆದರುವವರಿಗೆ ಏಲಂ ಆಗುವುದಿಲ್ಲ ಎಂದು ಹೇಳಿ ಮಹಾಬಲಣ್ಣ ಪಿಕಪ್ ಹತ್ತಿದರು.

ಕೊನೆಗೆ ಗಂಡ ಹೆಂಡತಿ ಒಂದು ರಾಜಿಗೆ ಬಂದರು. ಮಾರುವುದು ಮರಿಯನ್ನು. ಫೋಟೊ ಹಾಕುವುದು ತಾಯಿಯದ್ದು, ಮರಿ ದೊಡ್ಡದಾದರೆ ಹೀಗಿರುತ್ತದೆ ಎಂದು ತೋರಿಸಲಿಕ್ಕೆ. ಹರಿಣಾಕ್ಷಿ ಫೋಟೊದ ಕೆಳಗೆ 'ಮರಿ ಮಾತ್ರ' ಎಂದು ಕನ್ನಡದಲ್ಲಿ ಬರೆದಳು. ಆ್ಯಪ್‌ನ ನಿಯಮಗಳು ಇಂಗ್ಲಿಷಿನಲ್ಲಿದ್ದವು, ಉದ್ದಕ್ಕೆ ಇದ್ದವು. ಕೊನೆಯಲ್ಲಿ ಒಪ್ಪಿಗೆ ಎಂದು ಒತ್ತಿದರೆ ಮುಂದಿನ ಪುಟ ತೆರೆಯುತ್ತಿತ್ತು. ಒತ್ತಿದರು. ನಮ್ಮಲ್ಲಿ ಒತ್ತದವರು ಯಾರಿದ್ದಾರೆ?

ಏಲಂ ಮುಗಿಯುವ ಸಂಜೆ ದೀಪ ಹಚ್ಚಿ ಮೂವರೂ ಜಗಲಿಯಲ್ಲಿ ಕೂತರು. ಬೇಡ ಬೇಡ ಎನ್ನುತ್ತಲೇ ಸಫಿಯಾಳೂ ಬಂದಿದ್ದಳು. ಬೆಲೆ ಸಾವಿರದಿಂದ ಹತ್ತು ಸಾವಿರಕ್ಕೆ ಏರಿತು, ಅಲ್ಲಿಂದ ಇಪ್ಪತ್ತಕ್ಕೆ ಹಾರಿತು. ಮಹಾಬಲಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ಫೋನನ್ನು ಮುಂದೆ ಹಿಡಿದು, ಮಂದಿರದಲ್ಲಿ ನಿಂತ ಹಾಗೆಯೇ ಎದೆ ಉಬ್ಬಿಸಿ, "ಒಂದು ಸಲ… ಎರಡು ಸಲ…" ಎಂದು ಕೂಗಿದರು. ಮೂರನೆಯದಕ್ಕೆ ಮೊದಲು ಅಭ್ಯಾಸದಂತೆ ತಲೆಯೆತ್ತಿ ನೋಡಿದರು. ಎದುರಿಗೆ ಬಾವಿಕಟ್ಟೆ ಇತ್ತು, ಬಟ್ಟೆ ಒಣಹಾಕುವ ಹಗ್ಗ ಇತ್ತು. ಮುಖಗಳು ಯಾವುದೂ ಇರಲಿಲ್ಲ. ಆದರೂ "ಮೂರು ಸಲ" ಎಂದರು. ಗಿಡ ಮೂವತ್ತೊಂದು ಸಾವಿರಕ್ಕೆ ಹೋಗಿತ್ತು. ಹರಿಣಾಕ್ಷಿ ಸೆರಗಿನಿಂದ ಕಣ್ಣೊರಸಿಕೊಂಡಳು. ಸಫಿಯಾ ಕೂಡ ನಕ್ಕಳು. ಆ ಮನೆಯಲ್ಲಿ ಮೂವರೂ ಸೇರಿ ನಕ್ಕದ್ದು ಅದೇ ಕೊನೆ.

ಕೂಗಿದವನು ಹಣ ಹಾಕಲಿಲ್ಲ. ಸಂದೇಶಕ್ಕೆ ಉತ್ತರ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಅವನ ಹೆಸರೇ ಆ್ಯಪ್‌ನಲ್ಲಿ ಇರಲಿಲ್ಲ. ಗಿಡವನ್ನು ಮತ್ತೆ ಏಲಂಗೆ ಹಾಕಲಾಗಿದೆ ಎಂದು ಒಂದು ಸಂದೇಶ ಬಂತು. ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಮೊದಲ ಏಲಂನ ಶುಲ್ಕವನ್ನು ನಿಮ್ಮ ಬಾಕಿ ಹಣದಿಂದ ಕಡಿತ ಮಾಡಲಾಗಿದೆ. ಬಾಕಿ ಹಣವೆಂದರೆ ಹರಿಣಾಕ್ಷಿಯ ಹಿಂದಿನ ಆರ್ಕಿಡ್‌ಗಳ ದುಡ್ಡು, ಆ್ಯಪ್‌ನವರ ಹತ್ತಿರವೇ ಇದ್ದದ್ದು. ಮಾರಾಟವೇ ಆಗದೆ ಶುಲ್ಕ ಎಂಥದ್ದು ಎಂದು ಅವಳು ಕೇಳಿದರೆ, ಶುಲ್ಕ ಏಲಂ ನಡೆಸಿದ್ದಕ್ಕೆ, ಮಾರಾಟಕ್ಕಲ್ಲ ಎಂಬ ಉತ್ತರ ಬಂತು. ಬರೆದದ್ದು ಮನುಷ್ಯರೋ ಯಂತ್ರವೋ ತಿಳಿಯಲಿಲ್ಲ.

ಇಲ್ಲಿಯೇ ನಿಲ್ಲಿಸಬೇಕಿತ್ತು. ಬೇರೆ ಊರಿನವರಾದರೆ ನಿಲ್ಲಿಸುತ್ತಿದ್ದರೋ ಏನೋ. ಮಹಾಬಲಣ್ಣ ಮರು ಏಲಂ ಎಂಬ ಮಾತು ಕೇಳಿ ಬೇಸರ ಪಡುವ ಬದಲು ಖುಷಿಪಟ್ಟರು.

"ಮರು ಏಲಂಗೆ ಬಂದದ್ದು ಒಳ್ಳೆಯದೇ. ಎರಡನೇ ಸಲ ಕೂಗುವಾಗ ಕಡಿಮೆಗೆ ಹೋದದ್ದು ನಾನು ನೋಡ್ಲಿಲ್ಲ."

"ಮಂದಿರದಲ್ಲಿ ಹಣ ಕೊಟ್ಟು ಮತ್ತೆ ಬಿಟ್ಟುಕೊಡುದಲ್ವಾ?" ಎಂದಳು ಹರಿಣಾಕ್ಷಿ. "ಇವ ಕೊಡ್ಲೇ ಇಲ್ಲ."

"ನೀನೀಗ ಸಫಿಯಾನ ಹಾಗೆ ಮಾತಾಡ್ಲಿಕ್ಕೆ ಶುರು ಮಾಡ್ಬೇಡ ಮಾರಾಯ್ತಿ."

ಅವಳು ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು.

ಎರಡನೆಯ ಏಲಂನಲ್ಲಿ ಇಪ್ಪತ್ತಾರು ಸಾವಿರಕ್ಕೆ ನಿಂತಿತು. ಈ ಸಲ ಕೂಗಿದವನು ಹಣ ಹಾಕಿದ. ಹಣ ಆ್ಯಪ್‌ನವರ ಹತ್ತಿರ ಇರುತ್ತದೆ, ಗಿಡ ತಲುಪಿ ಅವನು ಸರಿ ಎಂದ ಮೇಲೆ ಇವರಿಗೆ ಬರುತ್ತದೆ. ಮಹಾಬಲಣ್ಣ ಸಫಿಯಾಳ ಮನೆಯವರೆಗೆ ಹೋಗಿ ಫೋನಿನಲ್ಲಿ ಅದನ್ನು ತೋರಿಸಿ ಬಂದರು. ಮರುದಿನ ಕೊಂಡವನ ಸಂದೇಶ ಬಂತು. ನಾನು ಕೂಗಿದ್ದು ಫೋಟೊದಲ್ಲಿರುವ ಗಿಡಕ್ಕೆ, ಮರಿಗಲ್ಲ. ಆ್ಯಪ್‌ನ ನಿಯಮವೂ ಅದೇ ಆಗಿತ್ತು, ಫೋಟೊದಲ್ಲಿ ಕಂಡದ್ದನ್ನೇ ಕೊಡಬೇಕು. ಕನ್ನಡದಲ್ಲಿ ಬರೆದ 'ಮರಿ ಮಾತ್ರ' ಅಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಸಫಿಯಾ ತೋಡು ದಾಟಿ ಓಡಿ ಬಂದಳು. ಈಗಲೂ ರದ್ದು ಮಾಡಬಹುದು, ದಂಡ ಬೀಳುತ್ತದೆ, ಖಾತೆ ಮುಚ್ಚುತ್ತಾರೆ, ಅಷ್ಟೇ ತಾನೆ, ದಂಡ ಹೋಗಲಿ, ಬುಡ ಉಳಿಯಲಿ ಎಂದು ಅಂಗಲಾಚಿದಳು. ದಂಡಕ್ಕೆ ಬೇಕಾದರೆ ತಾನೂ ಕೊಡುತ್ತೇನೆ ಎಂದಳು. ಹರಿಣಾಕ್ಷಿ ಗಂಡನ ಮುಖ ನೋಡಿದಳು.

ಮಹಾಬಲಣ್ಣ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಕೆಸುವನ್ನು ನೋಡಿ ಬಂದರು. ಆಮೇಲೆ ಹೇಳಿದರು, "ದೊಡ್ಡ ಕುಂಬಳಕಾಯಿ ತೋರಿಸಿ ಕೂಗಿ, ಸಣ್ಣದು ಕೊಟ್ರೆ ಅದಕ್ಕೆ ಎಂತ ಹೇಳುದು ಸಫಿಯಾ? ಮೂರು ಸಲ ಕೂಗಿ ಆಗಿದೆ. ಇನ್ನು ಮಾತು ತಪ್ಪಿದ್ರೆ ನಾಳೆ ಮಂದಿರದಲ್ಲಿ ನಾನು ಯಾವ ಬಾಯಲ್ಲಿ ಕೂಗುದು?"

ಅವರು ದುಡ್ಡಿನ ಆಸೆಗೆ ಹೇಳಿದ್ದಲ್ಲ. ಇದನ್ನು ನೀವು ನಂಬಬೇಕು. ಫೋಟೊ ಹಾಕಿದ್ದು ತಾವು, ತಪ್ಪು ತಮ್ಮದು ಎಂದೇ ಅವರಿಗೆ ಅನಿಸಿತ್ತು. ಎದುರಿಗೆ ಇರುವವನೂ ತನ್ನ ಹಾಗೆಯೇ ಮಾತಿಗೆ ನಿಲ್ಲುವವನು ಎಂದುಕೊಂಡರು. ಒಳ್ಳೆಯ ಮನುಷ್ಯರು ಮೋಸ ಹೋಗುವುದು ಹೀಗೆಯೇ.

ಅಗೆದದ್ದು ಹರಿಣಾಕ್ಷಿಯೇ. ಬೇರೆಯವರು ಮುಟ್ಟಿದರೆ ಬೇರು ತುಂಡಾಗುತ್ತದೆ ಎಂದು ಹಾರೆಯನ್ನೂ ತರಲಿಲ್ಲ, ಕೈಯಲ್ಲೇ ಮಣ್ಣು ಬಿಡಿಸಿದಳು. ಗೆಡ್ಡೆಗೆ ಒದ್ದೆ ಪಾಚಿ ಸುತ್ತಿದಳು, ಅದರ ಮೇಲೆ ಬಾಳೆಯ ರಂಬೆ, ಅಂದರೆ ದಿಂಡಿನ ಪಟ್ಟೆ, ಸುತ್ತಿದಳು, ಎಲೆಗಳಿಗೆ ಒಂದೊಂದಾಗಿ ಹಳೆಯ ಮೆತ್ತನೆ ಸೀರೆಯ ತುಂಡು. ಬುಡದಲ್ಲಿದ್ದ ಮರಿಯನ್ನು ಬೇರ್ಪಡಿಸಿ ಅದೇ ಗುಳಿಯಲ್ಲಿ ಊರಿದಳು. ಪುತ್ತೂರಿನ ಕೊರಿಯರ್ ಆಫೀಸಿಗೆ ಮಹಾಬಲಣ್ಣ ಪಿಕಪ್‌ನ ಮುಂದಿನ ಸೀಟಿನಲ್ಲಿ ಇಟ್ಟುಕೊಂಡು ಹೋದರು. ಹಿಂದೆ ಹಾಕಿದರೆ ಕುಲುಕುತ್ತದೆ ಎಂದು.

ಗಿಡ ತಲುಪಿದ ದಿನವೇ ದೂರು ಬಂತು. ಗೆಡ್ಡೆ ಕೊಳೆತು ಹೋಗಿದೆ, ಹಣ ವಾಪಸು ಬೇಕು. ಜೊತೆಗೆ ಒಂದು ಫೋಟೊ, ಕೊಳೆತ ಗೆಡ್ಡೆಯದ್ದು. ಹರಿಣಾಕ್ಷಿ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದು ನಮ್ಮದಲ್ಲ," ಎಂದಳು. "ಬೇರಿನಲ್ಲಿ ಅಂಟಿದ ಮಣ್ಣು ನೋಡಿ, ಕಪ್ಪು ಉಂಟು. ನಮ್ಮಲ್ಲಿ ಎಲ್ಲಿ ಅಗೆದ್ರೂ ಕೆಂಪೇ ಅಲ್ವಾ ಬರುದು?"

ಇದನ್ನೇ ಸಫಿಯಾ ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದಳು. ಮಣ್ಣಿನ ಬಣ್ಣ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಕೊಂಡವನಿಗೆ ಹಣ ವಾಪಸು ಕೊಡಲಾಗಿದೆ, ಗಿಡ ನಿಮಗೆ ಮರಳಿ ಬರುತ್ತದೆ, ಪ್ರಕರಣ ಮುಗಿದಿದೆ ಎಂದು ಬಂತು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳುವ ಹೆಣ್ಣು ಧ್ವನಿ. ಮಹಾಬಲಣ್ಣ ಎಲ್ಲವನ್ನೂ ಒತ್ತಿದರು. ಕೊನೆಗೆ ಸಂಗೀತ ಬರುತ್ತಿದ್ದ ಫೋನಿಗೇ, ಮೈಕ್ ಇಲ್ಲದೆ ಇಡೀ ಮಂದಿರಕ್ಕೆ ಕೇಳಿಸುವ ಅದೇ ಧ್ವನಿಯಲ್ಲಿ, ಗಂಡಸಾದರೆ ಎದುರಿಗೆ ಬಾ ಎಂದು ಕೂಗಿದರು. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ಪುತ್ತೂರಿನಲ್ಲಿ ಒಬ್ಬ ವಕೀಲರನ್ನು ಕಂಡರು. ಅವರು ಹಣವನ್ನೂ ತೆಗೆದುಕೊಳ್ಳದೆ ಎಲ್ಲ ಕೇಳಿದರು. ನೀವು ಒಪ್ಪಿಗೆ ಒತ್ತಿದ ನಿಯಮದಲ್ಲಿ ಇದೆಲ್ಲ ಇದೆ ಎಂದರು. ಹೋರಾಡಬಹುದು, ಆದರೆ ಎಷ್ಟು ಖರ್ಚು ಮಾಡಿದರೂ ಆ ಗಿಡ ಮರಳಿ ಬರುವುದಿಲ್ಲ ಎಂದರು.

ಕೆಲವು ವಾರ ಕಳೆದು ಪೆಟ್ಟಿಗೆ ಮರಳಿ ಬಂತು. ಒಳಗೆ ಒಂದು ಕೆಸು ಇತ್ತು. ಕೊಳೆತಿರಲಿಲ್ಲ, ಚೆನ್ನಾಗಿಯೇ ಇತ್ತು. ಎಲೆ ಇಡೀ ಹಸಿರು. ಬೇರಿನಲ್ಲಿ ಕಪ್ಪು ಮಣ್ಣು. ಅದನ್ನು ತಂದುಕೊಟ್ಟ ಕೊರಿಯರ್ ಖರ್ಚು, ಎರಡನೆಯ ಏಲಂನ ಶುಲ್ಕ, ಭರವಸೆ ಶುಲ್ಕ ಎಲ್ಲ ಹರಿಣಾಕ್ಷಿಯ ಲೆಕ್ಕಕ್ಕೇ ಬಿದ್ದು, ಆರ್ಕಿಡ್‌ಗಳ ದುಡ್ಡು ಪೂರಾ ಹೋಗಿತ್ತು. ಮಹಾಬಲಣ್ಣ ಆ ಕೆಸುವನ್ನು ತೋಡಿಗೆ ಎಸೆಯಲು ಎತ್ತಿಕೊಂಡರು.

"ಬಿಡಿ," ಎಂದಳು ಹರಿಣಾಕ್ಷಿ. "ಅದು ಎಂತ ಮಾಡಿದೆ?"

ಬಾವಿಕಟ್ಟೆಯ ಹತ್ತಿರ ಅದನ್ನೂ ಊರಿದಳು.

ಇನ್ನು ಇದ್ದ ಆಸೆ ಮರಿಯದ್ದು. ಮೂವರೂ ಕಾದರು. ಸಫಿಯಾ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡುತ್ತಿದ್ದಳು. ಸುರುಳಿ ಬಿಚ್ಚಿತು. ಎಲೆ ಹಸಿರು. ಒಂದು ಎಲೆಗೆ ಏನು, ಮುಂದಿನದು ನೋಡುವ ಎಂದಳು ಸಫಿಯಾ. ಮುಂದಿನದೂ ಹಸಿರು, ಅದರ ಮುಂದಿನದೂ ಹಸಿರು. ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ಹೇಳಿದ್ದೆನಲ್ಲ ಎಂಬ ಮಾತನ್ನು ಅವಳು ಒಮ್ಮೆಯೂ ಆಡಲಿಲ್ಲ. ಮಹಾಬಲಣ್ಣನಿಗೆ ಅದೇ ಹೆಚ್ಚು ಉರಿಯಿತು. ಬೈದಿದ್ದರಾದರೂ ಆಗುತ್ತಿತ್ತು ಎಂದರು ಹೆಂಡತಿಯ ಹತ್ತಿರ.

ಆ ವರ್ಷವೂ ಮಂದಿರದಲ್ಲಿ ವಾರ್ಷಿಕೋತ್ಸವ ಬಂತು. ಮಹಾಬಲಣ್ಣ ಕೂಗಲು ನಿಂತರು. ಕುಂಬಳಕಾಯಿಗೆ ಪದ್ಮಯ್ಯಣ್ಣ ಒಂದೂವರೆ ಸಾವಿರ ಎಂದರು. "ಒಂದು ಸಲ… ಎರಡು ಸಲ…" ಎಂದ ಮಹಾಬಲಣ್ಣ ನಿಲ್ಲಿಸಿ ಮುಖಗಳನ್ನು ನೋಡಿದರು. ಯಾವಾಗಲೂ ನೋಡುವ ನೋಟ ಅಲ್ಲ ಅದು. ಆಮೇಲೆ ಪದ್ಮಯ್ಯಣ್ಣನ ಕಡೆಗೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, "ನೀವು ಕೂಗಿದ್ದು ನಿಜವಾ?" ಎಂದರು.

ತಮಾಷೆ ಎಂದುಕೊಂಡು ಜನ ನಕ್ಕರು. ಪದ್ಮಯ್ಯಣ್ಣ ನಗಲಿಲ್ಲ. ಎದ್ದು ಬಂದು ಜೇಬಿನಿಂದ ಹಣ ತೆಗೆದು ಮೇಜಿನ ಮೇಲೆ ಇಟ್ಟರು. ಕುಂಬಳಕಾಯಿಯನ್ನು ಬಿಟ್ಟುಕೊಡಲಿಲ್ಲ. ಬಗಲಲ್ಲಿ ಹಿಡಿದುಕೊಂಡು ಮನೆಗೆ ಹೋದರು. ಅಂದು ಮರು ಏಲಂ ಆಗಲಿಲ್ಲ. ಮುಂದಿನ ವರ್ಷದಿಂದ ಬೇರೆಯವರು ಕೂಗಲಿ ಎಂದು ಮಹಾಬಲಣ್ಣನೇ ಸಮಿತಿಯವರಿಗೆ ಹೇಳಿದರು. ಯಾಕೆ ಎಂದು ಅವರೂ ಒತ್ತಾಯಿಸಿ ಕೇಳಲಿಲ್ಲ.

ಫೋನಿನಿಂದ ಆ ಆ್ಯಪ್ ಅಳಿಸಿದ್ದು ಅದೇ ದಿನ. ಸಫಿಯಾಳ ಗುಂಪಿಗೆ ಹರಿಣಾಕ್ಷಿಯನ್ನು ಸೇರಿಸಲು ಅವರೇ ಹೇಳಿದರು. ಮನೆಯವರೆಲ್ಲ ಒಪ್ಪಿದರು ಎಂದು ಇಂಥ ಕಥೆಗಳ ಕೊನೆಯಲ್ಲಿ ಬರುತ್ತದಲ್ಲ, ಇಲ್ಲಿಯೂ ಒಪ್ಪಿದರು. ಆದರೆ ಒಪ್ಪುವ ಹೊತ್ತಿಗೆ ಮಾರಲು ಏನೂ ಉಳಿದಿರಲಿಲ್ಲ, ಬೆಳೆದ ಗಿಡಗಳೆಲ್ಲ ಆ ಏಲಂಗಳಲ್ಲೇ ಹೋಗಿದ್ದವು. ಆರ್ಕಿಡ್‌ಗಳನ್ನು ಮತ್ತೆ ಬೆಳೆಸಲು ಎರಡು ಮೂರು ವರ್ಷ ಬೇಕು. ಅಷ್ಟರವರೆಗೆ ಗ್ಯಾಸು ಕಾಯುವುದಿಲ್ಲ, ಸಂಘದ ಕಂತು ಕಾಯುವುದಿಲ್ಲ. ಹರಿಣಾಕ್ಷಿ ಅಟ್ಟ ಹತ್ತಿ ತಡ್ಪೆಯನ್ನು ಇಳಿಸಿದಳು. ಜೇಡರಬಲೆ ಒರೆಸಿದಳು. ಈಗ ಆ ಮನೆಯ ಮುಂದೆ ಹೋದರೆ ಮೊದಲು ಕೇಳುವುದು ಅವಳ ಕೆಮ್ಮು.

ಅಕ್ಕಂದಿರೇ, ತಂಗಿಯರೇ, ಫೋನಿನಲ್ಲಿ ಮಾರುವುದೇ ತಪ್ಪು ಎಂದು ನಿಮಗೆ ಯಾರೂ ಹೇಳುತ್ತಿಲ್ಲ. ಆದರೆ ಮಾರುವ ಮೊದಲು ಸಫಿಯಾ ಕೇಳಿದ ಮಾತನ್ನು ನೀವೂ ಕೇಳಿ, ಅಲ್ಲಿ ಕೂಗುವುದು ಯಾರು? ಅವರು ಕೊಡದಿದ್ದರೆ ಯಾರ ಮನೆಯ ಬಾಗಿಲಿಗೆ ಹೋಗುವುದು? ಶುಲ್ಕ ಎಷ್ಟು, ಮಾರಾಟ ಆಗದಿದ್ದರೂ ಕಡಿತ ಮಾಡುತ್ತಾರೆಯೇ, ಗಿರಾಕಿ ಹಿಂದೆ ಕಳುಹಿಸಿದರೆ ಖರ್ಚು ಯಾರದ್ದು ಎಂದು ಇಂಗ್ಲಿಷ್ ಬಲ್ಲವರಿಂದ ಓದಿಸಿ, ಆಮೇಲೆ ಒಪ್ಪಿಗೆ ಒತ್ತಿ. ಕೊಡುವ ವಸ್ತುವಿನ ಫೋಟೊವನ್ನೇ ಹಾಕಿ. ಕಟ್ಟುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ನಿಮ್ಮ ದುಡ್ಡನ್ನು ಅವರ ಹತ್ತಿರ ಕೂಡಿಡಬೇಡಿ, ಬಂದ ಹಾಗೆ ಬ್ಯಾಂಕಿಗೆ ತೆಗೆದುಕೊಳ್ಳಿ. ಮೋಸದಿಂದ ಹಣ ಹೋದರೆ ನಾಚಿಕೆಪಟ್ಟು ಕೂರದೆ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಲ್ಲಕ್ಕಿಂತ ಮೊದಲು, ತಾಯಿ ಬುಡವನ್ನು ಅಗೆಯಬೇಡಿ. ಎಷ್ಟು ಸಾವಿರ ಕೂಗಿದರೂ ಅಗೆಯಬೇಡಿ.

ಮರಳಿ ಬಂದ ಆ ಕೆಸು ಬಾವಿಕಟ್ಟೆಯ ಹತ್ತಿರ ಈಗ ಸೊಂಟದೆತ್ತರ ಬೆಳೆದಿದೆ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಹರಿಣಾಕ್ಷಿ ಅದರ ಎಲೆ ಕೊಯ್ದು ಪತ್ರೊಡೆ ಮಾಡಿದಳು. ಪದ್ಮಯ್ಯಣ್ಣನ ಮನೆಗೂ ಒಂದು ಪಾತ್ರೆಯಲ್ಲಿ ಕಳುಹಿಸಿದಳು, ಮಂದಿರದ ಏಲಂನ ದಿನದಿಂದ ಮಾತು ಬಿಟ್ಟವರು ಆ ನೆಪದಲ್ಲಾದರೂ ಮಾತಾಡಲಿ ಎಂದು. ಹುಳಿ ಸರಿಯಾಗಿಯೇ ಹಾಕಿದ್ದಳು, ಬೇಯಿಸಿದ್ದೂ ಸರಿಯಾಗಿತ್ತು. ಮೊದಲ ತುತ್ತಿಗೇ ಎರಡೂ ಮನೆಯವರ ಗಂಟಲು ತುರಿಸಿತು. ತುರಿಸುವ ಜಾತಿಯ ಕೆಸು ಅದು, ಯಾವುದೋ ಊರಿನ ಚರಂಡಿ ಬದಿಯದ್ದು.

ನೋಡಲು ನಮ್ಮ ಕೆಸುವಿನ ಹಾಗೆಯೇ ಉಂಟು. ಆ ದಾರಿಯಾಗಿ ಹೋದರೆ ಒಮ್ಮೆ ನಿಂತು ನೋಡಿ. ಎಷ್ಟು ಹೊತ್ತು ನೋಡಿದರೂ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.